ಎಂ87* ಅಥವಾ ಸ್ಯಾಜಿಟೇರಿಯಸ್ ಎ*: ಬದಲಾವಣೆ ಗಮನಿಸಲು ಯಾವ ಕಪ್ಪುಕುಳಿ?

ಆಕಾಶದಲ್ಲಿ ಎರಡರ ಸುತ್ತಲಿನ ಹೊಳೆಯುವ ಅನಿಲದ ಉಂಗುರವೂ ಹೆಚ್ಚುಕಡಿಮೆ ಒಂದೇ ಅಳತೆ: ಎಂ87 ಎಂಬ ದೂರದ ಗ್ಯಾಲಕ್ಸಿಯ ನಡುವಿನ ಎಂ87*ದು ಸುಮಾರು 42 ಮೈಕ್ರೊಆರ್ಕ್‌ಸೆಕೆಂಡ್ (ಒಂದು ಮೈಕ್ರೊಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 360 ಕೋಟಿಯಲ್ಲೊಂದು ಪಾಲು), ನಮ್ಮ ಗ್ಯಾಲಕ್ಸಿಯ ನಡುವಿನ ಸ್ಯಾಜಿಟೇರಿಯಸ್ ಎ*ದು 52. ಆಯ್ಕೆ ನಿಂತಿರುವುದು ವೇಗದ ಮೇಲೆ: ಕಪ್ಪುಕುಳಿ ಭಾರವಾದಷ್ಟೂ ಅದರ ಅಂಚಿನ ಅನಿಲಕ್ಕೆ ಒಂದು ಸುತ್ತಿಗೆ ಹೆಚ್ಚು ಹೊತ್ತು ಬೇಕು.

ಸ್ಯಾಜಿಟೇರಿಯಸ್ ಎ* ಸೂರ್ಯನ 43 ಲಕ್ಷ ಪಟ್ಟು ಭಾರ. ಒಳ ಅಂಚಿನ ಅನಿಲ ನಿಮಿಷಗಳಲ್ಲೇ ಸುತ್ತು ಮುಗಿಸುತ್ತದೆ. ರೇಡಿಯೊ ದೂರದರ್ಶಕಗಳ ಜಾಲಕ್ಕಾದರೋ ಒಂದು ಚಿತ್ರಕ್ಕೆ ಭೂಮಿ ಕೆಲವು ಗಂಟೆ ತಿರುಗಬೇಕು. ಓಡಾಡುವ ಮಗುವಿನ ಫೋಟೊವನ್ನು ಶಟರ್ ತೆರೆದಿಟ್ಟು ತೆಗೆದಂತೆ! ಜೊತೆಗೆ ನಮಗೂ ಅದಕ್ಕೂ ನಡುವಿನ ಅನಿಲದಿಂದ ರೇಡಿಯೊ ಅಲೆಗಳು ಚದುರಿ ಚಿತ್ರ ಇನ್ನಷ್ಟು ಮಸುಕಾಗುತ್ತದೆ. 2017ರಲ್ಲೇ ದಾಖಲಿಸಿದ ದತ್ತಾಂಶದ ಚಿತ್ರ 2022ರ ಮೇವರೆಗೆ ಕಾಯಬೇಕಾದದ್ದಕ್ಕೆ ಇದೂ ಒಂದು ಕಾರಣ.

ಎಂ87* 650 ಕೋಟಿ ಸೂರ್ಯರ ಭಾರ. ಅಲ್ಲಿ ಒಂದು ಸುತ್ತಿಗೆ ಕೆಲವು ದಿನಗಳಿಂದ ತಿಂಗಳವರೆಗೆ ಬೇಕು, ಹಾಗಾಗಿ ಒಂದು ರಾತ್ರಿಯ ಚಿತ್ರ ಕಲಸಿಹೋಗದು. 2017 ಮತ್ತು 2018ರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಉಂಗುರದ ವ್ಯಾಸ ಹಾಗೆಯೇ ಇದೆ. ಅತಿ ಪ್ರಕಾಶಮಾನ ಭಾಗ ಮಾತ್ರ ಸುಮಾರು 30 ಡಿಗ್ರಿ ಅಪ್ರದಕ್ಷಿಣವಾಗಿ ಸರಿದಿದೆ. ಆದರೆ ವರ್ಷಕ್ಕೊಂದು ಚಿತ್ರದಿಂದ ಚಲನೆ ತಿಳಿಯದು; ವಾರಕ್ಕೆ ಕೆಲವು ಸಲವಾದರೂ, ತಿಂಗಳುಗಟ್ಟಲೆ ನೋಡಬೇಕು.

ಜಾಲವನ್ನೂ ಗಮನಿಸಿ. ದಕ್ಷಿಣ ಧ್ರುವದ ದೂರದರ್ಶಕಕ್ಕೆ ಎಂ87* ಕಾಣುವುದೇ ಇಲ್ಲ, ಗ್ರೀನ್‌ಲ್ಯಾಂಡಿನದಕ್ಕೆ ಸ್ಯಾಜಿಟೇರಿಯಸ್ ಎ* ಕಾಣದು.

ಉಂಗುರದ ರೂಪ ಬದಲಾಗುವುದನ್ನು ನೋಡಬೇಕಿದ್ದರೆ ಎಂ87* ಹಿಡಿಯಿರಿ. ಜ್ವಾಲೆಗಳು (ಹಠಾತ್ತನೆ ಹೆಚ್ಚುವ ಹೊಳಪು) ಬೇಕಿದ್ದರೆ ಸ್ಯಾಜಿಟೇರಿಯಸ್ ಎ*, ಅದೂ ಅವಕೆಂಪಿನಲ್ಲಿ: ಚಿಲಿಯ ಗ್ರ್ಯಾವಿಟಿ ಉಪಕರಣ 2018ರಲ್ಲಿ ಸುಮಾರು 45 ನಿಮಿಷಕ್ಕೊಮ್ಮೆ ಸುತ್ತುವ ಬಿಸಿ ಚುಕ್ಕೆಯ ಚಲನೆಯನ್ನೇ ಹಿಡಿದಿತ್ತು.