ಊಟದೊಂದಿಗೆ ಸಿನಿಮಾ: ಪ್ರೊಜೆಕ್ಟರ್ ಮತ್ತು 55 ಇಂಚಿನ ಟಿವಿ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಶನಿವಾರ ಏಳೆಂಟು ಗೆಳೆಯರು ಸೇರಿ, ಒಂದು ಕನ್ನಡ ಇಲ್ಲವೇ ಹಿಂದಿ ಸಿನಿಮಾ ನೋಡುತ್ತ ಊಟ ಮಾಡುವುದು ನಾಲ್ಕು ವರ್ಷಗಳ ರೂಢಿ. ಇದಕ್ಕೆಂದೇ ಮೊದಲು 14,000 ರೂಪಾಯಿಯ ಪ್ರೊಜೆಕ್ಟರ್ ತಂದೆ. ಒಂದೂವರೆ ವರ್ಷದ ಮೇಲೆ 41,000 ರೂಪಾಯಿ ಕೊಟ್ಟು 55 ಇಂಚಿನ ಟಿವಿ ತಂದೆ. ಮೊದಲೇ ಟಿವಿ ತರಬೇಕಿತ್ತು ಎಂದು ಈಗ ಖಚಿತವಾಗಿ ಹೇಳಬಲ್ಲೆ, ಮತ್ತು ಅದನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ನಮ್ಮ ಊಟದ ತಾಟು.

ಪ್ರೊಜೆಕ್ಟರಿನ ಹಿರಿಮೆ ಅದರ ಗಾತ್ರ. ಗೋಡೆಯ ಮೇಲಿನ 100 ಇಂಚಿನ ಚಿತ್ರ ಏಳು ಅಡಿಗೂ ಹೆಚ್ಚು ಅಗಲವಿರುತ್ತದೆ; ವಿಸ್ತೀರ್ಣದಲ್ಲಿ 55 ಇಂಚಿನ ಟಿವಿಯ ಮೂರು ಪಟ್ಟಿಗೂ ಮಿಗಿಲು. 1975ರ ‘ಶೋಲೆ’ಯಲ್ಲಿ ರಾಮನಗರದ ಬಂಡೆಗಳು ಗೋಡೆ ತುಂಬಿ ನಿಂತಾಗ ನಾವೆಲ್ಲ ಕೈಯಲ್ಲಿದ್ದ ತುತ್ತು ಮರೆತು ನೋಡಿದ್ದುಂಟು. ಆ ಅನುಭವವನ್ನು ಟಿವಿ ಕೊಡುವುದಿಲ್ಲ.

ತೊಡಕು ಬೆಳಕಿನದು. ಬೆಳಕಿನ ಪ್ರಮಾಣವನ್ನು ಲುಮೆನ್‌ನಲ್ಲಿ ಅಳೆಯುತ್ತಾರೆ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಲುಮೆನ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ, ಕೈಪಿಡಿಯ ಒಳಪುಟದಲ್ಲಿ ಸಣ್ಣದಾಗಿ ಮುದ್ರಿಸಿದ್ದ ಆನ್ಸಿ ಲುಮೆನ್ ಬರೀ 200 ಇತ್ತು. ಆನ್ಸಿ ಎಂದರೆ ಗೊತ್ತುಪಡಿಸಿದ ಒಂದೇ ಪದ್ಧತಿಯಲ್ಲಿ ಅಳೆದದ್ದು; ಹೋಲಿಸಿ ನೋಡುವ ಅಂಕಿ ಈ ಅಳತೆಯೇ. ನಮ್ಮ ಪಡಸಾಲೆಯ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಒಂದೇ ಸುಮಾರು 2,000 ಲುಮೆನ್ ಬೆಳಕು ಕೊಡುತ್ತದೆ. ಅದನ್ನು ಹಚ್ಚಿದರೆ ಗೋಡೆಯ ಮೇಲಿನ ಚಿತ್ರ ತೊಳೆದಿಟ್ಟಂತೆ ಮಾಸುತ್ತದೆ. ಆರಿಸಿದರೆ ತಾಟು ಕಾಣುವುದಿಲ್ಲ. ಪ್ರೊಜೆಕ್ಟರಿಗೆ ಕಪ್ಪು ಬಣ್ಣವನ್ನು ಎಸೆಯಲು ಬರುವುದಿಲ್ಲ. ಬೆಳಕು ಬೀಳದ ಗೋಡೆಯೇ ಅದರ ಕಪ್ಪು. ಹೀಗಾಗಿ 2018ರ ‘ಕೆ.ಜಿ.ಎಫ್’ನಂತಹ ಮಸಿಬಣ್ಣದ ಸಿನಿಮಾದಲ್ಲಿ ಅಡುಗೆಮನೆಯ ಬಾಗಿಲ ಸಂದಿಯಿಂದ ಬಂದ ಬೆಳಕಿಗೂ ಅರ್ಧ ದೃಶ್ಯ ಬೂದುಬಣ್ಣಕ್ಕೆ ತಿರುಗಿತು.

ಕತ್ತಲಲ್ಲಿ ಉಣ್ಣುವುದೇನು ಕಷ್ಟ ಎಂದು ಕೇಳಬಹುದು. ಬಟ್ಟಲಲ್ಲಿ ಚಮಚ ಹಾಕಿ ತಿನ್ನುವ ತಿನಿಸಾದರೆ ನಡೆದೀತು. ನಮ್ಮ ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಅಂಚಿಗೆ ಒಂದಿಷ್ಟು ರಂಜಕ, ಅಂದರೆ ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ, ಇರುತ್ತವೆ. ಇವನ್ನು ಕಣ್ಣಿನಿಂದಲೇ ಆರಿಸಿ, ರೊಟ್ಟಿ ಮುರಿದು, ಬೇಕಾದಷ್ಟೇ ಹಚ್ಚಿಕೊಳ್ಳಬೇಕು. ಒಂದು ಶನಿವಾರ ಗೆಳೆಯರೊಬ್ಬರು ಎಣ್ಣೆಗಾಯಿಯ ರಸವೆಂದು ತಿಳಿದು ರಂಜಕವನ್ನೇ ರೊಟ್ಟಿಯ ತುಂಬ ಬಳಿದುಕೊಂಡು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತ ನೀರಿನ ತಂಬಿಗೆಗೆ ಕೈಚಾಚಿದಾಗ ಅದೂ ಉರುಳಿ ಜಮಖಾನೆ ತೊಯ್ದುಹೋಯಿತು. ಅಂದು ರಾತ್ರಿ ಅವರು ಸಿನಿಮಾ ಮುಗಿಯುವವರೆಗೂ ಮೊಸರು ತಿನ್ನುತ್ತ ಕುಳಿತದ್ದು ನನಗೆ ಬಹಳ ನೋವು ತಂದಿತು.

ನಮ್ಮ ಸಿನಿಮಾಗಳಿಗೆ ಮಧ್ಯಂತರವೊಂದು ಇದ್ದೇ ಇರುತ್ತದಲ್ಲ, ಆಗ ದೀಪ ಹಚ್ಚಿ ಉಣ್ಣೋಣ ಎಂದೂ ನೋಡಿದೆವು. ಬಡಿಸಿ, ಉಂಡು, ಕೈತೊಳೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯುತ್ತದೆ; ಎರಡೂವರೆ ಗಂಟೆಯ ಸಿನಿಮಾ ಮುಗಿಯುವಾಗ ಹನ್ನೆರಡು ದಾಟಿ, ಹಳೆಯ ಬಾಗಲಕೋಟೆಯಿಂದ ಬಂದವರು ಅರ್ಧಕ್ಕೇ ಎದ್ದು ಹೊರಡುತ್ತಿದ್ದರು. ಮಾಳಿಗೆಯ ಮೇಲೆ ಧೋತರ ಕಟ್ಟಿಯೂ ತೋರಿಸಿದೆ. ಗಾಳಿಗೆ ಧೋತರ ಉಬ್ಬಿ ನಾಯಕನ ಮುಖ ಸೊಟ್ಟಗಾಗುತ್ತಿತ್ತು, ಬೀದಿದೀಪದ ಬೆಳಕು ನೇರ ಅದರ ಮೇಲೆಯೇ ಬೀಳುತ್ತಿತ್ತು.

ಟಿವಿ ಬಂದ ಮೇಲೆ ದೀಪ ಆರಿಸುವ ಮಾತೇ ಇಲ್ಲ. ಟ್ಯೂಬಿನ ಪ್ರತಿಬಿಂಬ ಪರದೆಯಲ್ಲಿ ಕಾಣುತ್ತಿತ್ತು. ಟಿವಿ ಇರುವ ಗೋಡೆಯ ಮೇಲ್ಭಾಗಕ್ಕೇ ಅದನ್ನು ಸ್ಥಳಾಂತರಿಸಿದ ಮೇಲೆ ಆ ತೊಂದರೆ ತಪ್ಪಿತು. ಸಾಲಾಗಿ ಪಂಕ್ತಿಯಲ್ಲಿ ಕುಳಿತರೆ ತುದಿಯಲ್ಲಿದ್ದವರಿಗೆ ಬಣ್ಣ ಮಂಕಾಗುತ್ತದೆಂದು ಅರ್ಧಚಂದ್ರಾಕಾರವಾಗಿ ಕೂರುತ್ತೇವೆ. ಧ್ವನಿಯಲ್ಲಿ ಎರಡೂ ಸಾಧಾರಣ, ಆದರೆ ಪ್ರೊಜೆಕ್ಟರಿನ ಫ್ಯಾನಿನ ಗುಂಯ್‌ಗುಟ್ಟುವಿಕೆ ಪಕ್ಕದಲ್ಲಿ ಕುಳಿತವರಿಗೆ ಮಾತು ಕೇಳಗೊಡುತ್ತಿರಲಿಲ್ಲ. ಅಗಲ ಪರದೆಯ ಸಿನಿಮಾ ಹಾಕಿದಾಗ ಟಿವಿಯ ಎತ್ತರದ ಕಾಲುಭಾಗ ಮೇಲೆ ಕೆಳಗೆ ಕಪ್ಪು ಪಟ್ಟಿಯಾಗಿ ಹೋಗುವುದು ಮಾತ್ರ ನನಗೆ ಇಂದಿಗೂ ಬೇಸರ.

ಊಟ ಮುಗಿಸಿ ಬರೀ ಸಿನಿಮಾ ನೋಡುವ ಮನೆಗೆ, ಕೈಯಲ್ಲಿ 15,000 ಮಾತ್ರ ಇದ್ದರೆ, ಕಿಟಕಿಗೆ ದಪ್ಪ ಪರದೆ ಹಾಕಿ ಪ್ರೊಜೆಕ್ಟರ್ ತರಬಹುದು. ಆನ್ಸಿ ಲುಮೆನ್ ಕೇಳದೆ ಹಣ ಕೊಡಬೇಡಿ. ನಮ್ಮಂತೆ ತಾಟು ಹಿಡಿದು ನೋಡುವವರು ಇನ್ನಾರು ತಿಂಗಳು ದುಡ್ಡು ಕೂಡಿಸಿ ಟಿವಿಯನ್ನೇ ತನ್ನಿ. ನನ್ನ ಪ್ರೊಜೆಕ್ಟರನ್ನು ನಾನು ಮಾರಿಲ್ಲ. ಚಳಿಗಾಲದಲ್ಲಿ ಊಟವಾದ ಮೇಲೆ ಕೈತೊಳೆದುಕೊಂಡು, ಪಡಸಾಲೆಯ ದೀಪ ಆರಿಸಿ, ಎಲೆಅಡಿಕೆ ಹಾಕುತ್ತ ಅದರಲ್ಲಿ ಹಳೆಯ ಹಾಡುಗಳನ್ನು ನೋಡುತ್ತೇವೆ.