ಬಲಕ್ಕೆ ಹಳೇ ಪಾಲಿ, ಎಡಕ್ಕೆ ಹೊಸ ಪಾಲಿ: ಎರಡು ಹಿಪ್ ಬಳಸಿದವನ ಅನುಭವ

ಎವಿಎನ್‌ನಿಂದ (ರಕ್ತ ಹರಿಯದೆ ಮೂಳೆ ಸಾಯುವ ಕಾಯಿಲೆ) ನನ್ನ ಎರಡೂ ಸೊಂಟದ ಕೀಲು ಹಾಳಾಗಿದ್ದವು, ಎರಡಕ್ಕೂ ಕೃತಕ ಕೀಲು ಹಾಕಿಸಬೇಕಾಯಿತು. ಬಲಗಡೆ 2001ರಲ್ಲಿ ಹಾಕಿಸಿದ್ದು ಆಗಿನ ಸಾಮಾನ್ಯ ಪಾಲಿಥಿಲೀನ್ (ಪಾಲಿ ಎಂಬ ಪ್ಲಾಸ್ಟಿಕ್) ಲೈನರ್, ಅಂದರೆ ಕಪ್‌ನ ಒಳಗೆ ಕೂರುವ ಪದರ, ಅದರೊಳಗೆ ಲೋಹದ ಬಾಲ್. ಎಡಗಡೆ 2010ರಲ್ಲಿ, ಕ್ರಾಸ್‌ಲಿಂಕ್ಡ್ ಅನ್ನುವ ಹೊಸ ಬಗೆಯ ಪಾಲಿ, ಸೆರಾಮಿಕ್ ಬಾಲ್. ಮೈ ಒಂದೇ, ತೂಕ ಒಂದೇ. ಹೋಲಿಸೋಕೆ ಇನ್ನೇನು ಬೇಕು?

ಬಲಗಡೆಯದು ವರ್ಷಗಟ್ಟಲೆ ಒಂದು ದಿನವೂ ಕಾಡಲಿಲ್ಲ. ಮೆಟ್ಟಿಲು, ಸ್ಕೂಟರ್, ಎಲ್ಲ ಸಲೀಸು. 2014ರ ಎಕ್ಸ್-ರೇಯಲ್ಲಿ ವಿಷಯ ಗೊತ್ತಾಯಿತು. ಪ್ಲಾಸ್ಟಿಕ್ ಎಕ್ಸ್-ರೇಯಲ್ಲಿ ಕಾಣಲ್ಲ. ಕಪ್‌ಗೂ ಬಾಲ್‌ಗೂ ನಡುವೆ ಕಾಣುವ ಖಾಲಿ ಜಾಗವೇ ಪ್ಲಾಸ್ಟಿಕ್. ಅದು ಸುತ್ತಲೂ ಸಮ ಇರಬೇಕು. ನನ್ನದರಲ್ಲಿ ಬಾಲ್ ಮೇಲಕ್ಕೆ ಸರಿದು, ಆ ಕಡೆ ಜಾಗ ತೆಳ್ಳಗಾಗಿತ್ತು. ಕಪ್‌ನ ಹಿಂದೆ ಮೂಳೆಯಲ್ಲೊಂದು ಕಪ್ಪು ಗುಳಿ ಬೇರೆ. ನೋವು ಮಾತ್ರ ಸೊನ್ನೆ!

ಹಳೇ ಪಾಲಿ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತದೆ. ಅಷ್ಟೇನಾ ಅನ್ನಿಸುತ್ತೆ ಅಲ್ವಾ? ತೊಂದರೆ ಕೊಡೋದು ಸವೆತಕ್ಕಿಂತ ಅದರಿಂದ ಉದುರುವ ಪುಡಿ. ಬಹುಪಾಲು ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು. ದೇಹದ ರಕ್ಷಣಾ ಜೀವಕೋಶಗಳು ಅವನ್ನು ನುಂಗುತ್ತವೆ, ಅರಗಿಸಿಕೊಳ್ಳಲು ಆಗಲ್ಲ. ಆ ಗಲಾಟೆಯಲ್ಲಿ ಸುತ್ತಲಿನ ಮೂಳೆ ಕರಗುತ್ತದೆ, ಕಪ್ ಸಡಿಲವಾಗುತ್ತದೆ. ಸವೆತದ ಈ ಕಾಟ ಹೊಸದಲ್ಲ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಸೊಂಟದ ಕೃತಕ ಕೀಲಿಗೆ ಮೊದಲು ಟೆಫ್ಲಾನ್ ಕಪ್ ಹಾಕುತ್ತಿದ್ದರು. ಅದು ಕೆಲವೇ ವರ್ಷಗಳಲ್ಲಿ ಸವೆದು ರೋಗಿಗಳು ಕಷ್ಟಪಟ್ಟರು. 1962ರಲ್ಲಿ ಅವರು ಪಾಲಿಥಿಲೀನ್‌ಗೆ ಬಂದರು.

ನನ್ನ ಪುಣ್ಯ, ಕಪ್ ಗಟ್ಟಿಯಾಗಿತ್ತು. 2015ರಲ್ಲಿ ಲೈನರ್, ಬಾಲ್ ಮಾತ್ರ ಬದಲಾಯಿಸಿ, ಗುಳಿಗೆ ಮೂಳೆಪುಡಿ ತುಂಬಿದರು. ತೆಗೆದ ಲೈನರ್ ಕೇಳಿ ನೋಡಿದೆ. ಬಣ್ಣ ಹಳದಿಗಟ್ಟಿತ್ತು. ಒಂದು ಪಕ್ಕದಲ್ಲಿ ಕಡೆದಾಗಿನ ಸಣ್ಣ ಗೆರೆಗಳು ಹಾಗೇ ಇದ್ದವು. ಇನ್ನೊಂದು ಪಕ್ಕ ಗಾಜಿನಂತೆ ನುಣುಪು, ಎರಡೂ ಸೇರುವಲ್ಲಿ ಉಗುರಿಗೆ ಸಿಗುವ ಏಣು.

ಹೊಸ ಪಾಲಿಗೆ ಹೆಚ್ಚು ವಿಕಿರಣ ಕೊಟ್ಟು ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಆಮೇಲೆ ಬಿಸಿ ಮಾಡುತ್ತಾರೆ, ಇಲ್ಲವೇ ವಿಟಮಿನ್ ಇ ಸೇರಿಸುತ್ತಾರೆ. ಹಾಗೆ ಮಾಡದಿದ್ದರೆ ಆಮ್ಲಜನಕ ತಾಗಿ ಕಾಲಕ್ರಮೇಣ ಪೆಡಸಾಗುತ್ತದೆ. ಮೊದಲೆಲ್ಲ ಗಾಳಿಯಲ್ಲೇ ಗಾಮಾ ಕಿರಣದಿಂದ ಸ್ಟೆರಿಲೈಸ್ ಮಾಡಿದ ಲೈನರ್‌ಗಳ ಗತಿ ಅದೇ ಆಗಿತ್ತು. ನನ್ನ ಎಡಗಡೆಯ ಎಕ್ಸ್-ರೇಗಳಲ್ಲಿ ಇಷ್ಟು ವರ್ಷವಾದರೂ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಒಂದು ಕೊರತೆ ಅಂದರೆ, ಬೆಸುಗೆ ಜಾಸ್ತಿಯಾದಷ್ಟೂ ಬಿರುಕು ತಡೆಯುವ ಶಕ್ತಿ ಸ್ವಲ್ಪ ಕಡಿಮೆ. ಲೈನರ್ ತೀರಾ ತೆಳ್ಳಗಿದ್ದರೆ ಅಂಚು ಬಿರಿಯಬಹುದು. ಬಾಲ್ ದೊಡ್ಡದಾದಷ್ಟೂ ಲೈನರ್‌ಗೆ ಜಾಗ ಕಡಿಮೆ, ಅದಕ್ಕೇ ಡಾಕ್ಟರು ದೊಡ್ಡ ಬಾಲ್ ಬೇಡ ಎಂದಿದ್ದರು.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಲೈನರ್ ಕೂರುವುದು ಅದೇ ಕಂಪನಿಯ, ಅದೇ ಮಾದರಿಯ ಕಪ್‌ಗೆ ಮಾತ್ರ. ಮೊದಲ ಆಸ್ಪತ್ರೆಯವರು ಡಿಸ್ಚಾರ್ಜ್ ಫೈಲಿಗೆ ಕಂಪನಿ, ಮಾದರಿ ಬರೆದಿರುವ ಇಂಪ್ಲಾಂಟ್ ಸ್ಟಿಕ್ಕರ್ ಅಂಟಿಸಿರಲೇ ಇಲ್ಲ. ಹಳೇ ರೆಕಾರ್ಡ್ ರೂಮಿನಿಂದ ಆಪರೇಷನ್ ಥಿಯೇಟರ್ ನೋಟ್ಸ್ ತೆಗೆಸುವಷ್ಟರಲ್ಲಿ ಸಾಕುಸಾಕಾಯಿತು. ಹೊಸದಾಗಿ ಆಪರೇಷನ್ ಮಾಡಿಸುವವರು ಆ ಸ್ಟಿಕ್ಕರ್ ಕೇಳಿ ಪಡೆಯಿರಿ, ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಎಡಗಡೆಗೆ ಐದಕ್ಕೆ ನಾಲ್ಕೂವರೆ, ಬಲಗಡೆಯ ಹಳೇ ಲೈನರ್‌ಗೆ ಮೂರು. ಆ ಆಸ್ಪತ್ರೆಯ ಕಾಗದಪತ್ರಕ್ಕೆ ಸೊನ್ನೆ.