ಒಬ್ಬರೇ ಕೂತು ಗಿಟಾರ್ ಮಾಡುವವರಿಗೆ ಯಾವ ಪಾಲಿಶ್? ನಾಲ್ಕು ಬಗೆ ಬಳಸಿ ನೋಡಿದ್ದು

ಮರ ಕೊಯ್ಯುವುದು, ನೆಕ್ (ಉದ್ದನೆಯ ಹಿಡಿ) ಕೂರಿಸುವುದು, ಫ್ರೆಟ್ (ಅದರ ಮೇಲಿನ ಅಡ್ಡ ಲೋಹದ ಪಟ್ಟಿ) ಹೊಡೆಯುವುದು, ಇವೆಲ್ಲ ನನಗೆ ಒಂದೆರಡು ವರ್ಷದಲ್ಲಿ ಕೈಗೆ ಹತ್ತಿದವು. ಪಾಲಿಶ್ ಹತ್ತಲಿಲ್ಲ. ತಿಂಗಳುಗಟ್ಟಲೆ ಮಾಡಿದ ಮರದ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಹಾಳು ಮಾಡಬಲ್ಲ ಹಂತ ಅದು. ಅದಕ್ಕೇ ಒಂದು ನಿರ್ಧಾರ ಮಾಡಿದೆ. ಒಂದೇ ಲಾಟಿನ ಆಲ್ಡರ್ ಹಲಗೆಯಿಂದ, ಒಂದೇ ಟೆಂಪ್ಲೇಟಿನಲ್ಲಿ ನಾಲ್ಕು ಬಾಡಿ ಕೊಯ್ದೆ. 1950ರ ದಶಕದ ಟೆಲಿಕಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರಿನ ಆಕಾರ, 44 ಮಿಲಿಮೀಟರ್ ದಪ್ಪ. ನಾಲ್ಕಕ್ಕೂ ಸ್ಕ್ರೂ ಹಾಕಿ ಬಿಗಿಯುವ ಮೇಪಲ್ ನೆಕ್, 25.5 ಇಂಚಿನ ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಸುತ್ತಿದ್ದು ಒಂದೇ ಬಗೆಯ ತಂತಿಯಲ್ಲಿ. ಪಾಲಿಶ್ ಮಾತ್ರ ಬೇರೆ ಬೇರೆ: ನೈಟ್ರೋ ಲ್ಯಾಕರ್, ಅರಗು, ಎಣ್ಣೆ, ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್).

ಮೊದಲು ನೈಟ್ರೋ. ವಿಂಟೇಜ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಹೆಸರು ಇದು. ಹತ್ತಿ ಅಥವಾ ಮರದ ನಾರನ್ನು ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲದಲ್ಲಿ ಹದ ಮಾಡಿ ತಯಾರಿಸುವ ವಸ್ತು. ಹಳೇ ಸಿನಿಮಾ ರೀಲು ಕೂಡ ಇದೇ ಜಾತಿಯದು. ಗಿಬ್ಸನ್ ಕಂಪನಿಯ 1952ರ ಲೆಸ್ ಪಾಲ್ ಗಿಟಾರ್ ಮೇಲೂ ಇದೇ, ಫೆಂಡರ್ ಕಂಪನಿಯ 1954ರ ಸ್ಟ್ರಾಟೋಕಾಸ್ಟರ್ ಮೇಲೂ ಇದೇ. ಇದನ್ನು ಆ ಕಾರ್ಖಾನೆಗಳು ನಾದಕ್ಕಾಗಿ ಆರಿಸಿಕೊಂಡವು ಅಂತ ನಾನೂ ತುಂಬಾ ದಿನ ನಂಬಿದ್ದೆ. ಆದರೆ ಅದು ಆಗಿನ ಕಾರಿನ ಬಣ್ಣ. ಬೇಗ ಒಣಗುತ್ತಿತ್ತು. ಫೆಂಡರ್‌ನ ಕಸ್ಟಮ್ ಬಣ್ಣಗಳು ಡ್ಯೂಪಾಂಟ್ ಕಂಪನಿಯ ಡ್ಯೂಕೋ, ಲೂಸೈಟ್ ಅನ್ನುವ ಕಾರು ಬಣ್ಣಗಳೇ. ಡ್ಯೂಕೋ ನೈಟ್ರೋ, ಲೂಸೈಟ್ ಅಕ್ರಿಲಿಕ್. ಅಂದರೆ ನಾವು ಇವತ್ತು ಹಳೇದು ಅಂತ ಹುಡುಕುವ ಈ ಪಾಲಿಶ್ ಆಗಿನ ಮಾಮೂಲಿ ಸರಕು. 1960ರ ದಶಕದ ಕೊನೆಗೆ ಫೆಂಡರ್ ಪಾಲಿಯೆಸ್ಟರ್ ಕಡೆ ಹೋಯಿತು. ಗಿಬ್ಸನ್ ನೈಟ್ರೋದಲ್ಲೇ ಉಳಿಯಿತು.

ನೈಟ್ರೋದ ಗುಟ್ಟು ಒಂದೇ. ಅದು ಒಣಗುವುದು ಥಿನ್ನರ್ ಆವಿಯಾಗಿ ಹೋಗುವುದರಿಂದ, ಅಷ್ಟೇ. ಒಳಗೆ ಯಾವ ಗಟ್ಟಿ ಬಂಧವೂ ಬೆಳೆಯುವುದಿಲ್ಲ. ಹಾಗಾಗಿ ಮೇಲೆ ಹೊಸ ಕೋಟು ಹೊಡೆದಾಗ ಕೆಳಗಿನ ಕೋಟು ಸ್ವಲ್ಪ ಕರಗಿ ಅದರ ಜೊತೆ ಒಂದಾಗುತ್ತದೆ. ಹತ್ತು ಕೋಟು ಹೊಡೆದರೂ ಕೊನೆಗೆ ಉಳಿಯುವುದು ಒಂದೇ ಪದರ. ನಾನು ಅರ್ಧಕ್ಕರ್ಧ ಥಿನ್ನರ್ ಸೇರಿಸಿ ದಿನಕ್ಕೆ ಮೂರು ಕೋಟು ಹೊಡೆದೆ, ನಡುವೆ ಎರಡು ಗಂಟೆ ಬಿಟ್ಟು. ಒಟ್ಟು ಒಂಬತ್ತು. ಮೂರನೇ ದಿನ ಗಾಳಿಯಲ್ಲಿ ತೇವ ಜಾಸ್ತಿ ಇತ್ತು. ಕೋಟು ಹೊಡೆದು ಐದು ನಿಮಿಷಕ್ಕೆ ಬಾಡಿ ಪೂರಾ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಎದೆ ಧಸಕ್ಕೆಂದಿತು. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಕೂರುತ್ತದೆ, ಅದೇ ಆ ಬಿಳುಪು. ಮಾರನೇ ದಿನ ಒಣ ಹವೆ ಬಂತು. ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿ ತೆಳ್ಳಗೆ ಒಂದು ಕೋಟು ಹೊಡೆದೆ. ಬಿಳುಪು ಕಣ್ಣೆದುರೇ ಕರಗಿ ಹೋಯಿತು. ಬೇರೆ ಯಾವ ಪಾಲಿಶ್ ಇಷ್ಟು ದೊಡ್ಡ ತಪ್ಪನ್ನು ಇಷ್ಟು ಸುಲಭಕ್ಕೆ ಬಿಟ್ಟುಕೊಡುತ್ತದೆ?

ಇನ್ನೊಂದು ತಪ್ಪನ್ನು ಅದು ಬಿಟ್ಟುಕೊಡಲಿಲ್ಲ. ನಾಲ್ಕು ವಾರ ಕಾದು, ನೀರು ಹಾಕಿ 1000 ನಂಬರಿನ ಪೇಪರ್‌ನಿಂದ ಉಜ್ಜಲು ಕೂತೆ. ಹೆಗಲ ಪಟ್ಟಿ ಸಿಕ್ಕಿಸುವ ಸ್ಟ್ರಾಪ್ ಬಟನ್ನಿನ ತೂತನ್ನು ಮುಚ್ಚಿರಲಿಲ್ಲ. ನೀರು ಒಳಗೆ ಇಳಿಯಿತು. ಮರ ಉಬ್ಬಿ, ತೂತಿನ ಸುತ್ತ ಲ್ಯಾಕರ್ ನಕ್ಷತ್ರದ ಹಾಗೆ ಬಿರುಕು ಬಿಟ್ಟಿತು. ಈಗ ತೂತುಗಳಿಗೆಲ್ಲ ಮೇಣ ಒತ್ತಿಯೇ ಉಜ್ಜಲು ಕೂರುತ್ತೇನೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಪೇಪರ್ ಕಚ್ಚಿಕೊಳ್ಳುವುದಿಲ್ಲ.

ನೈಟ್ರೋದ ಕಷ್ಟಗಳನ್ನೂ ಹೇಳಲೇಬೇಕು. ವಾಸನೆ ಭಯಂಕರ. ಆವಿ ತಲೆಗೆ ಏರುತ್ತದೆ, ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಇಲ್ಲದೆ ಮುಟ್ಟಲೇಬಾರದು. ಬೆಂಕಿಯ ಭಯ ಇನ್ನೂ ದೊಡ್ಡದು. ಸಾಧಾರಣ ಫ್ಯಾನಿನ ಮೋಟಾರಿನ ಕಿಡಿ ಸಾಕು. ಗಾಳಿಗೆ ಬಿದ್ದು ಒಣಗಿದ ಪುಡಿ ಕೂಡ ಧಗ್ಗನೆ ಹತ್ತಿಕೊಳ್ಳುತ್ತದೆ, ಅದಕ್ಕೆ ನೆಲ ಗುಡಿಸಿದ್ದನ್ನು ಕೆಲಸದ ಜಾಗದಲ್ಲಿ ಇಡುವುದಿಲ್ಲ. ಮತ್ತೆ, ರಬ್ಬರ್ ಹೊದಿಸಿದ ಸ್ಟ್ಯಾಂಡ್ ಇದಕ್ಕೆ ಶತ್ರು. ಒಂದು ರಾತ್ರಿ ಅಂಥ ಸ್ಟ್ಯಾಂಡಿನಲ್ಲಿ ಇಟ್ಟಿದ್ದಕ್ಕೆ ಬಾಡಿಯ ಅಂಚು ಅಂಟಂಟಾಗಿ ಗುರುತು ಬಿತ್ತು. ರಬ್ಬರಿನಲ್ಲಿರುವ ವಸ್ತು ಲ್ಯಾಕರನ್ನು ಮೆತ್ತಗೆ ಮಾಡುತ್ತದೆ. ಈಗ ಸ್ಟ್ಯಾಂಡಿಗೆ ಹತ್ತಿ ಬಟ್ಟೆ ಸುತ್ತಿದ್ದೇನೆ.

ವರ್ಷಗಳು ಕಳೆದಂತೆ ನೈಟ್ರೋ ಹಳದಿಯಾಗುತ್ತದೆ, ಕುಗ್ಗಿ ಮರದ ಎಳೆ ಕಾಣಿಸುತ್ತದೆ, ಚಳಿಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹಳೇ ಗಿಟಾರಿನ ಮುಖ ಅನ್ನುವುದು ಇದನ್ನೇ ಅಲ್ವಾ? ಕೆಲವರು ಬೇಕಂತಲೇ ಬಾಡಿಯನ್ನು ತಣ್ಣಗೆ ಮಾಡಿ ಈ ಬಿರುಕು ತರಿಸುತ್ತಾರೆ. ನಾನು ಮಾಡುವುದಿಲ್ಲ. ಆ ಗೆರೆಗಳು ನುಡಿಸುವವರ ಕೈಯಲ್ಲಿ ತಾವಾಗಿ ಬರಲಿ ಅನ್ನುವುದು ನನ್ನ ಆಸೆ.

ಎರಡನೇ ಬಾಡಿಗೆ ಅರಗು. ಶೆಲಾಕ್ ಅಂದರೂ ಇದೇ. ಮರದ ಕೊಂಬೆಯ ಮೇಲೆ ಸಣ್ಣ ಹುಳುಗಳು ಸುರಿಸುವ ಅಂಟು. ವಿನೈಲ್ ಬರುವ ಮುಂಚೆ ಗ್ರಾಮಫೋನ್ ತಟ್ಟೆಗಳಲ್ಲೂ ಇದೇ ಅರಗು ಇತ್ತು ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು. ಮೇಣ ತೆಗೆದ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಬೇಕು. ನನ್ನ ಅಳತೆ ಲೀಟರಿಗೆ ಸುಮಾರು 120 ಗ್ರಾಂ. ನೆನೆಸಿದ್ದು ಹಳೇದಾದರೆ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಹಾಕಿ ಮಾರನೇ ದಿನ ಉಗುರಿನಿಂದ ಒತ್ತಿ ನೋಡುತ್ತೇನೆ. ಗುರುತು ಬಿದ್ದರೆ ಅದನ್ನು ಬಳಸುವುದಿಲ್ಲ.

ಕೆಲಸದ ಸುಖದಲ್ಲಿ ಅರಗನ್ನು ಮೀರಿಸಿದ್ದು ಇಲ್ಲ. ಸ್ಪ್ರೇ ಗನ್ ಬೇಡ, ಕಂಪ್ರೆಸರ್ ಬೇಡ. ಹತ್ತಿ ಉಂಡೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಎರಡು ಹನಿ ಆಲಿವ್ ಎಣ್ಣೆ ತಗುಲಿಸಿ, ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗುವುದು. ರಾತ್ರಿ ಎಲ್ಲರೂ ಮಲಗಿದ ಮೇಲೂ ಮಾಡಬಹುದು, ಸದ್ದೇ ಇಲ್ಲ. ಹದಿನೈದು ದಿನ, ದಿನಕ್ಕೆ ಅರ್ಧ ಗಂಟೆ. ಕೊನೆಗೆ ಬಂದ ಹೊಳಪಿನ ಆಳವನ್ನು ನಾನು ಇನ್ನೂ ಮರೆತಿಲ್ಲ. ಮರ ನೀರೊಳಗೆ ಮುಳುಗಿದ ಹಾಗೆ ಕಾಣುತ್ತಿತ್ತು.

ಆದರೆ ಎಲೆಕ್ಟ್ರಿಕ್ ಗಿಟಾರನ್ನು ನುಡಿಸುವ ರೀತಿಯೇ ಬೇರೆ. ನಿಂತು, ಬೆವರಿ, ಗಂಟೆಗಟ್ಟಲೆ. ಆರು ತಿಂಗಳಲ್ಲಿ ನನ್ನ ಬಲ ಮೊಣಕೈ ಊರುವ ಜಾಗ ಮಂಕಾಯಿತು. ಒದ್ದೆ ಲೋಟ ತಾಗಿದ ಕಡೆ ಬಿಳಿ ಉಂಗುರ ಬಿತ್ತು. ಎರಡನ್ನೂ ಒಂದು ಸಂಜೆಯಲ್ಲಿ ಸರಿ ಮಾಡಿದೆ, ನಿಜ. ಹೊಸ ಅರಗು ಹಳೇ ಅರಗನ್ನು ಕರಗಿಸಿಕೊಂಡು ಕೂರುತ್ತದೆ, ಥೇಟ್ ನೈಟ್ರೋ ಹಾಗೆ. ಆದರೆ ಗಿಟಾರ್ ಇನ್ನೊಬ್ಬರ ಮನೆಗೆ ಹೋದ ಮೇಲೆ ಅವರು ಆರು ತಿಂಗಳಿಗೊಮ್ಮೆ ಉಜ್ಜುತ್ತಾ ಕೂರಲಿ ಅನ್ನುವುದು ಸರಿಯಲ್ಲ. ಬಾಡಿಯ ಪೂರ್ತಿ ಪಾಲಿಶ್ ಆಗಿ ಅರಗನ್ನು ಕೈಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ. ಆದರೆ ಅಡಿಯ ಕೋಟಾಗಿ ಅದು ನನಗೆ ಬೇಕೇ ಬೇಕು. ಮೇಣ ತೆಗೆದ ಅರಗಿನ ಮೇಲೆ ನೈಟ್ರೋ ಚೆನ್ನಾಗಿ ಹಿಡಿಯುತ್ತದೆ. ಮೇಣ ಇರುವುದನ್ನು ಹಾಕಿ ಅದರ ಮೇಲೆ ಪಿಯು ಹೊಡೆದರೆ ಸಿಪ್ಪೆ ಏಳುವ ಸಾಧ್ಯತೆ ಇದೆ.

ಎಣ್ಣೆಯ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಟಂಗ್ ಎಣ್ಣೆ ಹಚ್ಚುವುದು, ಹತ್ತು ನಿಮಿಷ ಬಿಡುವುದು, ಒರೆಸುವುದು, ಮಾರನೇ ದಿನ ಮತ್ತೆ. ಐದಾರು ಸಲ. ಬಾಡಿಯ ಮೇಲೆ ಚೆನ್ನಾಗಿತ್ತು, ಆದರೆ ಅದು ಟೇಬಲ್ಲಿನ ಚೆಂದ. ಹಳೇ ಗಿಟಾರಿನ ಮುಖ ಬರಲಿಲ್ಲ. ನೆಕ್ಕಿನ ಹಿಂಭಾಗಕ್ಕೆ ಹಚ್ಚಿದಾಗ ಮಾತ್ರ ನಾನು ಅದಕ್ಕೆ ಮನಸೋತೆ. ಕೈ ಬೆವರಿದರೂ ಅಂಟುವುದಿಲ್ಲ, ಬೆರಳು ಜಾರುತ್ತಾ ಹೋಗುತ್ತದೆ. ಮೇಪಲ್ ಫ್ರೆಟ್‌ಬೋರ್ಡಿನ ಮೇಲೆ ಬೇಡ. ಬೆರಳು ಒತ್ತುವ ಕಡೆ ಕೊಳೆ ಇಳಿದು ಬೂದು ಬಣ್ಣಕ್ಕೆ ತಿರುಗಿತು. ಒಂದು ಎಚ್ಚರಿಕೆ ಇದೆ, ದಯವಿಟ್ಟು ಗಮನಿಸಿ. ಟಂಗ್, ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ ಒಣಗುತ್ತವೆ, ಆಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಆ ಬಿಸಿ ಒಳಗೇ ಉಳಿದು ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನಾನು ಒಂದೊಂದನ್ನೂ ಬಿಡಿಸಿ ಹೊರಗೆ ತಂತಿಗೆ ಹರಡುತ್ತೇನೆ. ಒಬ್ಬರೇ ಇರುವ ಕಡೆ ರಾತ್ರಿ ಬಾಗಿಲು ಹಾಕಿ ಹೋದ ಮೇಲೆ ನೋಡುವವರು ಯಾರೂ ಇರುವುದಿಲ್ಲ.

ನಾಲ್ಕನೇದು ಪಿಯು. ಗಟ್ಟಿತನದಲ್ಲಿ ಇದನ್ನು ಮೀರಿಸುವುದು ಈ ನಾಲ್ಕರಲ್ಲಿ ಇಲ್ಲ. ನಾಲ್ಕೇ ಕೋಟಿಗೆ ಗಾಜಿನಂಥ ಹೊಳಪು ಬಂತು, ವಾರದಲ್ಲಿ ಉಜ್ಜಲು ಸಿದ್ಧವಾಯಿತು. ಬೆವರು, ಸ್ಪಿರಿಟ್, ರಬ್ಬರ್ ಸ್ಟ್ಯಾಂಡ್, ಯಾವುದಕ್ಕೂ ಅದು ಜಗ್ಗಲಿಲ್ಲ. ದಿನಾ ವೇದಿಕೆ ಹತ್ತುವವರು ಪಿಯು ಕೇಳಿದರೆ ಅವರು ಕೇಳುವುದು ನ್ಯಾಯವೇ.

ನನಗೆ ಅದು ಒಗ್ಗದೆ ಹೋಗಿದ್ದು ಎರಡು ಕಾರಣಕ್ಕೆ. ಉಜ್ಜುವಾಗ ಅಂಚಿನ ಹತ್ತಿರ ಮೇಲಿನ ಕೋಟು ತೂತಾಗಿ ಕೆಳಗಿನದು ಕಂಡಿತು. ಎರಡು ಕೋಟಿನ ನಡುವೆ ಭೂಪಟದ ಗೆರೆಯಂಥ ಉಂಗುರ ಮೂಡಿತು. ಮೇಲೆ ಮತ್ತೆ ಹೊಡೆದರೆ ಮುಚ್ಚಬಹುದು ಅಂದುಕೊಂಡೆ. ಒಣಗಿದ ಪಿಯು ಕರಗುವುದಿಲ್ಲ, ಹೊಸದು ಹಳೇದರ ಮೇಲೆ ಬೇರೆ ಪದರವಾಗಿ ಕೂರುತ್ತದೆ ಅಷ್ಟೇ. ಮತ್ತೆ ಉಜ್ಜಿದೆ, ಉಂಗುರ ಮತ್ತೆ ಬಂತು. ಕೊನೆಗೆ ಇಡೀ ಮುಖವನ್ನು 320ರ ಪೇಪರ್‌ನಲ್ಲಿ ಕೆರೆದು ಮೊದಲಿಂದ ಶುರು ಮಾಡಿದೆ. ಜೊತೆಗೆ, ಬೆರೆಸಿದ ಬಟ್ಟಲು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಫೋನ್ ಬಂತು, ಯಾರೋ ಬಾಗಿಲು ತಟ್ಟಿದರು ಅಂತ ಬಿಟ್ಟು ಹೋಗುವ ಹಾಗಿಲ್ಲ. ಸ್ಪ್ರೇ ಗನ್ ಒಳಗೇ ಕಲ್ಲಾಗುತ್ತದೆ.

ಎರಡನೇ ಕಾರಣ ದೊಡ್ಡದು. ಗಟ್ಟಿ ಮಾಡುವ ಆ ಎರಡನೇ ಡಬ್ಬಿಯಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಆಸ್ತಮಾ ಬರಿಸಬಲ್ಲದು. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ತೀರಾ ಸ್ವಲ್ಪವೂ ತಡೆಯುವುದಿಲ್ಲ. ಸ್ಪ್ರೇ ಮಾಡಲು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮುಖವಾಡ ಬೇಕು. ಅದನ್ನು ತಂದುಕೊಂಡು ಆ ಒಂದು ಬಾಡಿ ಮುಗಿಸಿದೆ. ನೈಟ್ರೋ ಕೂಡ ಒಳ್ಳೇದೇನಲ್ಲ, ಗೊತ್ತು. ಆದರೆ ಅದರ ಅಪಾಯ ಮೂಗಿಗೆ ತಿಳಿಯುತ್ತದೆ. ಇದು ವಾಸನೆಯಲ್ಲಿ ಎಚ್ಚರಿಸುವ ಮುಂಚೆಯೇ ಕೆಲಸ ಮಾಡಿರುತ್ತದೆ.

ನಾದದ ವಿಷಯ ಕೇಳುವವರು ಇದ್ದೇ ಇರುತ್ತಾರೆ. ನಾಲ್ಕಕ್ಕೂ ಒಂದೇ ತಂತಿ ಹಾಕಿ, ಒಂದೇ ಆಂಪ್ಲಿಫೈಯರಿಗೆ ಚುಚ್ಚಿ, ಯಾವುದು ಯಾವುದು ಅಂತ ನೋಡದೆ ರೆಕಾರ್ಡ್ ಕೇಳಿದೆ. ನನಗೆ ಗುರುತು ಹಿಡಿಯಲು ಆಗಲಿಲ್ಲ. ಪಿಕಪ್ ಎತ್ತರವನ್ನು ಒಂದು ಮಿಲಿಮೀಟರ್ ಬದಲಿಸಿದಾಗ ಮಾತ್ರ ಥಟ್ಟನೆ ಗೊತ್ತಾಯಿತು. ಅಕೌಸ್ಟಿಕ್ ಗಿಟಾರಿನ ತೆಳು ಹಲಗೆಯ ಮಾತು ಬೇರೆ. 44 ಮಿಲಿಮೀಟರ್ ಗಟ್ಟಿ ಮರದ ಮೇಲೆ ಪಾಲಿಶ್ ಬದಲಾದರೆ ನಾದ ಬದಲಾಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನೈಟ್ರೋ ಆರಿಸಿಕೊಂಡದ್ದು ತಪ್ಪು ತಿದ್ದಲು ಬಿಡುತ್ತದೆ ಅಂತ. ಇಲ್ಲಿ ಮರ ಕೊಯ್ಯುವವನೂ ನಾನೇ, ಬಣ್ಣ ಹೊಡೆಯುವವನೂ ನಾನೇ. ದಣಿದ ಕೈ ಎಲ್ಲೋ ಒಂದು ಕಡೆ ಜಾರಿಯೇ ಜಾರುತ್ತದೆ. ಹತ್ತು ವರ್ಷ ಬಿಟ್ಟು ಯಾರೋ ಚಕ್ಕೆ ಎದ್ದ ಗಿಟಾರ್ ತಂದರೂ ಒಂದು ಹನಿ ಲ್ಯಾಕರ್ ತುಂಬಿಸಿ, ಒಣಗಿಸಿ, ಉಜ್ಜಿದರೆ ಗುರುತೇ ಸಿಗದ ಹಾಗೆ ಸೇರಿಕೊಳ್ಳುತ್ತದೆ.

ಈಗ ನನ್ನ ಪದ್ಧತಿ ಹೀಗಿದೆ. ಅಡಿಗೆ ಎರಡು ತೆಳು ಕೋಟು ಅರಗು. ಅದರ ಮೇಲೆ ಬಣ್ಣ ಮತ್ತು ಹೊಳಪು ಎರಡೂ ನೈಟ್ರೋ. ಫ್ರೆಟ್‌ಬೋರ್ಡಿಗೂ ನೈಟ್ರೋ. ನೆಕ್ಕಿನ ಹಿಂಭಾಗಕ್ಕೆ ಮಾತ್ರ ಎಣ್ಣೆ. ಎರಡೂ ಸೇರುವ ಅಂಚನ್ನು ನಯವಾದ ನೈಲಾನ್ ಪ್ಯಾಡಿನಲ್ಲಿ ತೇಲಿಸಿ ಉಜ್ಜಿ ಮರೆಮಾಡುತ್ತೇನೆ. ಸ್ಟೀಲ್ ವುಲ್ ಬಳಸುವುದಿಲ್ಲ, ಅದರ ಕಬ್ಬಿಣದ ಚೂರು ಪಿಕಪ್ಪಿನ ಆಯಸ್ಕಾಂತಕ್ಕೆ ಹೋಗಿ ಅಂಟಿದರೆ ಬಿಡಿಸುವುದು ಕಷ್ಟ. ಸದ್ಯಕ್ಕೆ ಮಾಡಿನ ಕೊಕ್ಕೆಗೆ ಒಂದು ಬಾಡಿ ನೇತಾಡುತ್ತಿದೆ, ಕೆನೆ ಬಣ್ಣದ್ದು. ಹತ್ತೊಂಬತ್ತನೇ ದಿನ. ಬೆಳಿಗ್ಗೆ ನೆಕ್ ಕೂರುವ ಗುಂಡಿಗೆ ಮೂಗು ಇಟ್ಟು ನೋಡಿದೆ. ಥಿನ್ನರ್ ವಾಸನೆ ಇನ್ನೂ ಇದೆ. ಅದು ಹೋಗುವವರೆಗೆ ಪೇಪರ್ ಮುಟ್ಟುವುದಿಲ್ಲ.